ಸಮಸ್ಯೆ ಬೇಕಾಗಿದೆ

ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಇಂಥವನು ಓಣಿಗೊಬ್ಬ ಸಿಗುತ್ತಾನೆ. ಮುಂಜಾನೆ ಬಸ್ಸು ಹಿಡಿದು ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣಕ್ಕೆ ಹೋಗುತ್ತಾನೆ, ಸಂಜೆ ಸಮಾಜ ಬದಲಿಸುವ ಹುರುಪಿನಲ್ಲಿ ಮರಳುತ್ತಾನೆ. ಓದುವುದು ಎಂಬಿಎ ಆಗಿರಲಿ, ಎಂಎಸ್‌ಡಬ್ಲ್ಯೂ ಆಗಿರಲಿ, ಸೋಷಿಯಲ್ ಇನ್ನೋವೇಶನ್ ಕಾರ್ಯಾಗಾರ ಎಂದರೆ ಮುಂದಿನ ಸಾಲಿನಲ್ಲೇ ಕುರ್ಚಿ. (ಮಧ್ಯಾಹ್ನದ ಊಟವೂ ಅಲ್ಲಿ ಚಲೋ ಇರುತ್ತದೆ.)

ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಬಡ ಹೆಂಗಸರಿಗೆ ಸಣ್ಣ ಸಾಲ ಕೊಟ್ಟು 2006ರಲ್ಲಿ ನೊಬೆಲ್ ಪಡೆದ ಕತೆ ಅವನಿಗೆ ಬಾಯಿಪಾಠ. ಅವ್ವ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಇವನ ಫೀಸು ತುಂಬಿದ್ದು ಮಾತ್ರ ಪಿಪಿಟಿಯಲ್ಲಿಲ್ಲ.

ಅವನಿಗಿರುವ ಕೊರತೆ ಒಂದೇ: ಸಮಸ್ಯೆ. ಐಡಿಯಾ ಸ್ಪರ್ಧೆಯ ಫಾರ್ಮಿನಲ್ಲಿ ಮೊದಲ ಕಾಲಮ್ಮೇ ಅದು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆಯಲ್ಲ, ಅದಕ್ಕೊಂದು ಆಪ್ ಮಾಡೋಣವೆಂದು ಹೊಲಕ್ಕೆ ಹೋದ. "ನೆಟೆರೋಗಕ್ಕ ಏನರ ಅದ ಏನೋ ತಮ್ಮಾ ಅದರಾಗ?" ಎಂದು ಕಾಕಾ ಕೇಳಿದರು. ತೊಗರಿ ಅಲ್ಲಿಗೇ ಮುಗಿಯಿತು. ಕಮಲಾಪುರದ ಕೆಂಪು ಬಾಳೆಗೂ ಜಿಐ ಇದೆ. ಅಲ್ಲಿಗೂ ಹೋಗಿ, ಅರ್ಧ ಡಜನ್ ತಿಂದು, ದುಡ್ಡನ್ನು ಕ್ಷೇತ್ರ ಅಧ್ಯಯನದ ಖರ್ಚಿಗೆ ಬರೆದ.

ಕೊನೆಗೆ ಮನೆಗೇ ಬಂದ. ಜನರ ಜೊತೆ ಕುಳಿತು ಅವರ ಕಷ್ಟ ಕೇಳಬೇಕೆಂದು ಕಾರ್ಯಾಗಾರದಲ್ಲಿ ಹೇಳಿದ್ದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನಿನಗ ದಿನಾ ಭಾಳ ತ್ರಾಸ ಕೊಡೂದು ಯಾವುದು?"

"ಒಲಿ ಮುಂದ ಅಡ್ಡ ಕುಂತು ಕೇಳ್ಲಿಕತ್ತಿಯಲ್ಲಾ, ಇದೇ."

ಅವನು ಬರೆದುಕೊಂಡ: ಅಡುಗೆಮನೆಯಲ್ಲಿ ಸ್ಥಳಾಭಾವ.

ಆದರೂ ಆ ರೊಟ್ಟಿಯ ಸಪ್ಪಳದಲ್ಲೇ ಐಡಿಯಾ ಹೊಳೆಯಿತು. ಹೆಂಗಸರೆಲ್ಲ ಸೇರಿ ಖಡಕ್ ರೊಟ್ಟಿ ಮಾಡಿ, ಒಂದೇ ಹೆಸರಿನಲ್ಲಿ ಆನ್‌ಲೈನ್ ಮಾರಿದರೆ? ರಾತ್ರಿಯೆಲ್ಲ ಕುಳಿತು ಹದಿನಾರು ಸ್ಲೈಡು ಮಾಡಿದ. ಆದರೆ 'ಕಲಬುರಗಿ ರೊಟ್ಟಿ' ಎಂಬ ಹೆಸರಲ್ಲಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಜೋಳದ ರೊಟ್ಟಿಯನ್ನು ಆಗಲೇ ಮಾರಾಟಕ್ಕೆ ಹಚ್ಚಿತ್ತು. ಸ್ಲೈಡು ತೋರಿಸಲು ಸಂಘದ ಮನೆಗೆ ಹೋದಾಗ ಅವ್ವನ ಗೆಳತಿಯರು ಪ್ಯಾಕೆಟ್ ತುಂಬುತ್ತಿದ್ದರು.

"ಚಲೋ ಬಂದಿ ನೋಡಪಾ. ಕುಂದುರು, ಎಣಸು."

ಎಣಿಸಿದ. ಎರಡು ಸಲ ಲೆಕ್ಕ ತಪ್ಪಿತು. ಮೂರನೇ ಸಲ ಚಿಕ್ಕವ್ವ ಕೈಯಿಂದ ರೊಟ್ಟಿ ಕಸಿದುಕೊಂಡು, ಚಹಾ ತರಲು ಕಳಿಸಿದಳು.

ಸ್ಪರ್ಧೆಗೆ ಅರ್ಜಿ ಹೋಗಿದೆ. ಸಂಸ್ಥಾಪಕ, ಸಿಇಒ ಎರಡೂ ಅವನೇ. ಅವ್ವನ ಹೆಸರನ್ನೂ ಮರೆತಿಲ್ಲ, ಫಲಾನುಭವಿಗಳ ಪಟ್ಟಿಯಲ್ಲಿ ಮೊದಲನೆಯದೇ ಅವಳದು.