ಕೌದಿ ಹೊದ್ದ ಆಂಪ್ಲಿಫೈಯರ್

ನಮ್ಮೂರು ನರೋಣಾದ ಬೇಸಿಗೆ 42 ಡಿಗ್ರಿ ಮುಟ್ಟಿದಾಗ ಮನುಷ್ಯರೇ ಅಂಗಿ ಬಿಚ್ಚಿ ಕೂಡುತ್ತಾರೆ. ನಮ್ಮ ಆಂಪ್ಲಿಫೈಯರ್‌ಗೆ ಮಾತ್ರ, ಧೂಳು ಕೂಡಬಾರದೆಂದು, ಅವ್ವ ಹೊಲಿದ ಕೌದಿ! ಗಾಳಿಯಾಡುವ ಕಂಡಿಗಳೆಲ್ಲ ಬಂದ್. ಅದರ ಫ್ಯೂಸ್ ಪದೇ ಪದೇ ಹೋಗುತ್ತದೆಂದು ನಾನು ದಪ್ಪ ತಾಮ್ರದ ತಂತಿ ಸುತ್ತಿದ್ದೆ. ತಾನು ಸುಟ್ಟು ಮನೆ ಉಳಿಸುವುದು ಫ್ಯೂಸಿನ ಧರ್ಮ. ನಾನು ಅದಕ್ಕೆ ಅಮರತ್ವದ ವರ ಕೊಟ್ಟಿದ್ದೆ.

ಒಂದು ಸಂಜೆ ಭಜನೆಪದ ಏರುವಷ್ಟರಲ್ಲಿ ಹೊಗೆಯೂ ಏರಿತು. “ಯಾರಪ್ಪಾ ಲೋಬಾನ ಹಾಕ್ಯಾರ?” ಎಂದಳು ಅವ್ವ.

“ಲೋಬಾನ ಅಲ್ಲವ್ವಾ, ಟ್ರಾನ್ಸ್‌ಫಾರ್ಮರ್!”

ಮಗ ನೀರಿನ ಕೊಡ ಎತ್ತಿದ. ಕರೆಂಟಿದ್ದಾಗ ನೀರು ಸುರಿದರೆ ಶಾಕ್ ನಮಗೇ. ಅವನನ್ನು ತಡೆದು ಮೇನ್ ಸ್ವಿಚ್ ಇಳಿಸಿದೆ.

ಈಗ ಸರಿಯಾದ ಫ್ಯೂಸ್ ಬಂದಿದೆ. ಕೌದಿ ನನ್ನ ಪಾಲಿಗೆ ಮರಳಿದೆ, ಮೂಲೆಯಲ್ಲಿ ರೊಟ್ಟಿಯಗಲದ ಸುಟ್ಟ ಕಲೆಯೊಂದಿಗೆ. ಅವ್ವ ಅದಕ್ಕೂ ತೇಪೆ ಹಚ್ಚಿದ್ದಾಳೆ.