ಮೂತಿ ಎತ್ತಿದ ಗಾಡಿ

ಚೆನ್ನೈಯಲ್ಲಿ ಎಲ್ಲವೂ ಮೇಲೇಳುತ್ತಲೇ ಇರುತ್ತದೆ. ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದನ್ನು ಸುರಿದೂ ಸುರಿದೂ ರಸ್ತೆ ಏರಿತು. ರಸ್ತೆ ಏರಿದ್ದಕ್ಕೆ ಮಳೆನೀರು ಮನೆಯೊಳಗೆ ಇಳಿಯಿತು. ವೇಳಚ್ಚೇರಿ, ಮಡಿಪಾಕ್ಕಂ ಕಡೆ ಕೆಲವರು ಗೋಡೆಯ ಬುಡಕ್ಕೆ ಸಾಲುಸಾಲು ಜಾಕ್ ಕೊಟ್ಟು ಇಡೀ ಮನೆಯನ್ನೇ ಎತ್ತಿಸಿಕೊಂಡಿದ್ದಾರೆ. ಇಂಥ ಊರಲ್ಲಿ ನನ್ನ ಭಾವಮೈದ ತನ್ನ ಪಿಕಪ್ಪನ್ನು ಎರಡಿಂಚು ಎತ್ತಿಸುತ್ತೇನೆ ಅಂದರೆ ಬೇಡ ಅನ್ನಲು ಯಾವ ಬಾಯಿ?

ಅವನಿಗೂ ಕಾರಣಗಳಿದ್ದವು. 2015ರ ಡಿಸೆಂಬರ್ ಮಳೆಯಲ್ಲಿ ಅವನ ಮೊದಲ ಕಾರು ಮುಳುಗಿತು. 2023ರ ಮಿಚಾಂಗ್ ಚಂಡಮಾರುತ ಎರಡನೆಯದನ್ನು ನೋಡಿಕೊಂಡಿತು. 2024ರ ಅಕ್ಟೋಬರಿನಲ್ಲಿ ರೆಡ್ ಅಲರ್ಟ್ ಬಂದಾಗ ಜನ ತಮ್ಮ ಕಾರುಗಳನ್ನು ವೇಳಚ್ಚೇರಿ ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಬಂದರಲ್ಲ, ಅವತ್ತು ಇವನು ಹೋಗುವಷ್ಟರಲ್ಲಿ ಅಲ್ಲೂ ಹೌಸ್‌ಫುಲ್. ಸಿಟ್ಟಿನಲ್ಲಿ ಟೊಯೋಟಾ ಹೈಲಕ್ಸ್ ತಂದುಬಿಟ್ಟ. "ನಮ್ಮ ಬಿಡದಿಯಲ್ಲೇ ಜೋಡಿಸಿದ್ದು ಭಾವ, 700 ಮಿಲಿಮೀಟರ್ ನೀರಿದ್ದರೂ ದಾಟುತ್ತೆ" ಅಂದ. ಐದೂಕಾಲು ಮೀಟರಿಗೂ ಉದ್ದದ ಗಾಡಿ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬಾಲ ಹೊರಗೇ.

ಆದರೆ ಅದರ ಮೂತಿ ತಗ್ಗಿತ್ತು. ಅದೊಂದು ಅವನ ನಿದ್ದೆ ಕೆಡಿಸಿತು. ಟೇಪು ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದ. ಹಿಂದಿಗಿಂತ ಮುಂದೆ ಕಡಿಮೆ. ಪಿಕಪ್ಪುಗಳು ಹುಟ್ಟುವುದೇ ಹಾಗೆ. ಹಿಂದಿನ ಕಮಾನು ಪಟ್ಟಿಗಳು ಹೊರೆ ಹೊರುವುದಕ್ಕೆ ಬಿಗಿಯಾಗಿರುತ್ತವೆ. ಸಾಮಾನು ತುಂಬಿದಾಗ ಹಿಂಭಾಗ ಕುಸಿದು ಗಾಡಿ ಸಮನಾಗುತ್ತದೆ. "ನಾಲ್ಕು ಮೂಟೆ ಅಕ್ಕಿ ಹಾಕು, ತಾನೇ ಮಟ್ಟವಾಗುತ್ತೆ" ಅಂದೆ. ಸಾಫ್ಟ್‌ವೇರಿನವನ ಹತ್ತಿರ ಮೂಟೆ ಎಲ್ಲಿಂದ ಬರಬೇಕು?

ಕೂವಂ ದಂಡೆಯ ಪುದುಪೇಟೆಗೆ ಹೋದೆವು. ಮದರಾಸಿನ ಗಾಡಿಗಳ ಬಿಡಿಭಾಗಗಳೆಲ್ಲ ಕೊನೆಗೆ ಬಂದು ಸೇರುವ ಪೇಟೆ ಅದು. ಮೆಕ್ಯಾನಿಕ್ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು "ಏತ್ತಿಡಲಾಂ ಸಾರ್" ಅಂದ. ಅಂಗೈಯಗಲದ ದಪ್ಪ ಲೋಹದ ಬಿಲ್ಲೆಯೊಂದನ್ನು ತೋರಿಸಿದ. ಮುಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ, ಅದರ ನೆತ್ತಿಯ ಮೇಲೆ ಇದನ್ನು ಕೂರಿಸಿ ಮತ್ತೆ ಬೋಲ್ಟ್ ಬಿಗಿಯುವುದು. ಶಾಕ್ ಕೂತಿರುವುದು ಚಕ್ರ ಹಿಡಿದಿರುವ ಕೆಳಗಿನ ಆರ್ಮಿನ ನಡುಭಾಗದಲ್ಲಾದ್ದರಿಂದ ಬಿಲ್ಲೆ ಒಂದಿಂಚಿದ್ದರೆ ಮೂತಿ ಸುಮಾರು ಎರಡಿಂಚು ಏಳುತ್ತದಂತೆ, ಮೀಟರ್ ಬಡ್ಡಿಯ ಸಾಲದ ಹಾಗೆ. ಇಡೀ ಗಾಡಿ ಎತ್ತಬೇಕೆಂದರೆ ಹಿಂದೆಯೂ ಆಕ್ಸಲಿಗೂ ಪಟ್ಟಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದನೆಯ ಯು-ಬೋಲ್ಟ್ ಹಾಕಬೇಕು. ಆಮೇಲಿನದು ಅವನು ಮೆಲ್ಲಗೆ ಹೇಳಿದ್ದು: ವ್ಹೀಲ್ ಅಲೈನ್‌ಮೆಂಟ್ ತಪ್ಪುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ.

ಪಕ್ಕದಲ್ಲೇ ಕೋಯಂಬೇಡು ಮಾರುಕಟ್ಟೆಗೆ ಈರುಳ್ಳಿ ಹೊಡೆಯುವ ಅಶೋಕ್ ಲೇಲ್ಯಾಂಡ್ ದೋಸ್ತ್ ಒಂದು ಹಿಂದಿನ ಪಟ್ಟಿ ಕಳಚಿಕೊಂಡು ನಿಂತಿತ್ತು. ಹೊರೆಗೆ ಕುಗ್ಗಿಹೋದ ಕಮಾನಿಗೆ ಅದರ ಡ್ರೈವರು ಇನ್ನೊಂದು ಪಟ್ಟಿ ಹಾಕಿಸುತ್ತಿದ್ದ. ನಮ್ಮ ಗಾಡಿಯನ್ನು ಗೌರವದಿಂದ ನೋಡಿ, "ಏನು ಲೋಡು ಸಾರ್?" ಅಂತ ಕೇಳಿದ. ಭಾವಮೈದ ಫೋನ್ ತೆಗೆದು ಬಹಳ ಹೊತ್ತು ನೋಡಿದ.

ನಾನು ಕಾನೂನು ತೆಗೆದೆ. ಕಂಪನಿ ಕೊಟ್ಟ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಅವನು ಶಾಂತವಾಗಿ, "ಎತ್ತುತ್ತಾ ಇಲ್ಲ ಭಾವ, ಮಟ್ಟ ಮಾಡಿಸ್ತಾ ಇದ್ದೀನಿ ಅಷ್ಟೆ" ಅಂದ. ಹೀಗೆ ವಾದಿಸುವವನು ವಕೀಲನಾಗದೆ ಕೋಡ್ ಬರೆಯುತ್ತಿರುವುದು ನ್ಯಾಯಾಂಗದ ಪುಣ್ಯ. ಸಂಜೆಗೆ ಗಾಡಿ ಮೂತಿ ಎತ್ತಿಕೊಂಡು ಮನೆಗೆ ಬಂತು.

ಮರುವಾರ ದಾವಣಗೆರೆಯಿಂದ ಅತ್ತೆ ಬಂದರು. ಮಂಡಿನೋವಿನವರು. ಮೊದಲೇ ಎತ್ತರವಿದ್ದ ಗಾಡಿಗೆ ಈಗ ಮುಂದಿನ ಬಾಗಿಲು ಇನ್ನಷ್ಟು ಎತ್ತರ. ಕಪಾಲೀಶ್ವರನ ಗುಡಿಗೆ ಹೊರಟಾಗ ಬಾತ್‌ರೂಮಿನ ನೀಲಿ ಪ್ಲಾಸ್ಟಿಕ್ ಸ್ಟೂಲು ಹೊರಬಂತು. ಮಯಿಲಾಪುರದ ಮಾಡಬೀದಿಯಲ್ಲಿ, ಹಿಂದಿನ ಆಟೋಗಳೆಲ್ಲ ಹಾರ್ನ್ ಹೊಡೆಯುತ್ತಿದ್ದಂತೆ, ಮಗ ಸ್ಟೂಲು ಹಿಡಿದ, ಸೊಸೆ ಕೈ ಹಿಡಿದಳು, ಹೂ ಮಾರುವವಳು ಬುಟ್ಟಿ ಬಿಟ್ಟು ಬಂದು ಸೊಂಟ ಹಿಡಿದಳು. ಅತ್ತೆ ಇಳಿದು ಸೆರಗು ಸರಿಪಡಿಸಿಕೊಂಡು, "ಇದಕ್ಕಿಂತ ಎತ್ತಿನ ಗಾಡೀನೇ ತಗ್ಗಿತ್ತಪ್ಪ" ಅಂದರು. ಅಂದಿನಿಂದ ಆ ಸ್ಟೂಲು ಹಿಂದಿನ ಬಾಡಿಯಲ್ಲೇ ಇದೆ. ಮೂವತ್ತು ಲಕ್ಷಕ್ಕೂ ಮೇಲ್ಪಟ್ಟ ಆ ಗಾಡಿ ಈವರೆಗೆ ಹೊತ್ತ ಏಕೈಕ ಲೋಡು ಅದು. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲ್ 2008ರಲ್ಲಿ ಮುಚ್ಚಿದ್ದೇ ಒಳ್ಳೆಯದಾಯಿತು. ಇದರ ಕಿಟಕಿಗೆ ತಟ್ಟೆ ಸಿಕ್ಕಿಸಲು ಸಪ್ಲೈಯರಿಗೂ ಸ್ಟೂಲು ಬೇಕಾಗುತ್ತಿತ್ತು.

ಎತ್ತಿಸಿಕೊಳ್ಳುವವರಿಗೆ ನನ್ನದೊಂದೇ ಅಹವಾಲು. ಮೂತಿ ಎದ್ದರೆ ಅದರ ಜೊತೆ ಹೆಡ್‌ಲೈಟೂ ಏಳುತ್ತದೆ. ಈಸ್ಟ್ ಕೋಸ್ಟ್ ರಸ್ತೆಯಲ್ಲಿ ರಾತ್ರಿ ಎದುರಿಗೆ ಬರುವ ನನ್ನಂಥವನ ಕಣ್ಣಿಗೇ ಅದು ನೇರವಾಗಿ ಹೊಡೆಯುತ್ತದೆ. ದೀಪದ ಹಿಂದೆ ಬೆಳಕಿನ ಮಟ್ಟ ಹೊಂದಿಸುವ ಸಣ್ಣ ತಿರುಪೊಂದಿರುತ್ತದೆ. ಹೇಗೂ ಮೆಕ್ಯಾನಿಕ್ ಹತ್ತಿರ ಹೋಗಿರುತ್ತೀರಿ, ಅದನ್ನೂ ನಾಲ್ಕು ಸುತ್ತು ತಿರುಗಿಸಿ ಬೆಳಕು ಇಳಿಸಿಕೊಂಡು ಬನ್ನಿ.