ಬಿರುಗಾಳಿ ಬೀಸದಿದ್ದರೆ ಪರಿಹಾರ ಖಂಡಿತ

ವಿಮೆ ಕಂಪನಿಗೆ ಸಮುದ್ರವೆಂದರೆ ಬಹಳ ಪ್ರೀತಿ. ಅದು ಅಲುಗಾಡಬಾರದು, ಅಷ್ಟೆ.

ನಂಬಿಕೆ ಬರದಿದ್ದರೆ ಇಂಗ್ಲೆಂಡಿನಲ್ಲಿ ಯಾಟ್ ಇಟ್ಟುಕೊಂಡವರನ್ನು ಕೇಳಿ. (ಯಾಟ್ ಎಂದ ಕೂಡಲೇ ಶಾಂಪೇನ್ ಗ್ಲಾಸು ಕಲ್ಪಿಸಿಕೊಳ್ಳಬೇಡಿ. ನನ್ನದು 26 ಅಡಿಯ ಹಳೇ ದೋಣಿ. ಒಳಗೆ ನೆಟ್ಟಗೆ ನಿಂತರೆ ತಲೆಗೆ ಪೆಟ್ಟು.) ದೋಣಿ ಕಟ್ಟುವ ತಂಗುದಾಣದಲ್ಲಿ, ಅಂದರೆ ಮರೀನಾದಲ್ಲಿ, ಜಾಗ ಹಿಡಿಯಲು ವರ್ಷಕ್ಕೆ ಸಾವಿರಾರು ಪೌಂಡ್ ಬೇಕು. ಅಷ್ಟಿಲ್ಲದವರಿಗೆ ಸ್ವಿಂಗಿಂಗ್ ಮೂರಿಂಗ್. ಅಳಿವೆಯ ಕೆಸರಿನಲ್ಲಿ ಭಾರಿ ಕಾಂಕ್ರೀಟ್ ದಿಮ್ಮಿ, ಅದರಿಂದ ಮೇಲಕ್ಕೆ ಸರಪಳಿ, ಸರಪಳಿಯ ತುದಿಗೆ ತೇಲುವ ಬುರುಡೆ, ಅಂದರೆ ಬೋಯ್, ಬೋಯ್‌ಗೆ ದೋಣಿಯ ಮೂತಿ. ಗಾಳಿ, ಉಬ್ಬರ, ಇಳಿತ ಎಳೆದತ್ತ ದೋಣಿ ಸುತ್ತುತ್ತಿರುತ್ತದೆ.

ಈಗ ಪಾಲಿಸಿ ಬಿಡಿಸಿ. ಮೊದಲ ಪುಟದಲ್ಲಿ ಬಿರುಗಾಳಿಗೆ ರಕ್ಷಣೆ ಉಂಟು. ಒಳಗಿನ ಪುಟಕ್ಕೆ ಬನ್ನಿ: ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ದೋಣಿ ಬೋಯ್‌ನಲ್ಲಿದ್ದರೆ ಆ ರಕ್ಷಣೆ ಇಲ್ಲ. ಅಂದರೆ ಬಿರುಗಾಳಿ ಬರುವ ತಿಂಗಳು ಬಿಟ್ಟು ಮಿಕ್ಕೆಲ್ಲ ತಿಂಗಳೂ ಬಿರುಗಾಳಿಯ ವಿಮೆ. 2022ರ ಫೆಬ್ರವರಿ 18ರಂದು ಯೂನಿಸ್ ಬಿರುಗಾಳಿ ವೈಟ್ ದ್ವೀಪದ ನೀಡಲ್ಸ್‌ನಲ್ಲಿ ತಾಸಿಗೆ 122 ಮೈಲಿ ವೇಗದಲ್ಲಿ ಬೀಸಿತು. ಪಾಲಿಸಿ ಓದಿರಲಿಲ್ಲ ಪಾಪ, ಜೂನ್ ತನಕ ಕಾಯಬಹುದಿತ್ತು.

ಪ್ರೀಮಿಯಂ ಮಾತ್ರ ಹನ್ನೆರಡು ತಿಂಗಳದ್ದು. ಅದರ ಮೇಲೆ ಸರ್ಕಾರಕ್ಕೆ 12% ತೆರಿಗೆ. ಇಲ್ಲದ ರಕ್ಷಣೆಗೂ ತೆರಿಗೆ ಇದೆ.

ಕೆಲವು ಕಂಪನಿಗಳು ಧಾರಾಳಿಗಳು. ಚಳಿಗಾಲಕ್ಕೂ ಒಪ್ಪುತ್ತವೆ. ಆದರೆ ಸರಪಳಿಯನ್ನು ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಿ ಪತ್ರ ಇಟ್ಟುಕೊಳ್ಳಬೇಕು. ಹಗ್ಗ ಜೋಡಿ ಇರಬೇಕು, ಉಜ್ಜುವ ಕಡೆ ಕವಚ ಇರಬೇಕು, ಹಾಯಿ ಕಳಚಿರಬೇಕು. ಇಷ್ಟೆಲ್ಲ ಮಾಡಿದ ಮೇಲೂ ನಷ್ಟದಲ್ಲಿ ನೀವೇ ಹೊರಬೇಕಾದ ಪಾಲು ಚಳಿಗಾಲದಲ್ಲಿ ದುಪ್ಪಟ್ಟು.

ಸರಿ, ಎಲ್ಲ ಮಾಡಿದಿರಿ. ಫೆಬ್ರವರಿಯ ಒಂದು ರಾತ್ರಿ ಸರಪಳಿ ತುಂಡಾಯಿತು. ದೋಣಿ ಬಂಡೆಗೆ ಬಡಿಯಿತು. ವಿಮೆ ಕಂಪನಿಯ ಸರ್ವೇಯರ್ ಬರುತ್ತಾನೆ. ತುಂಡಾದ ಕೊಂಡಿಯನ್ನು ಕೈಯಲ್ಲಿ ಹಿಡಿದು, ಸಾವಿನ ಮನೆಗೆ ಬಂದವನಂತೆ ಮುಖ ಮಾಡಿ ಹೇಳುತ್ತಾನೆ: ‘ಸವೆದಿತ್ತು.’ ಮುಗಿಯಿತು. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯ 55ನೇ ಕಲಮಿನ ಪ್ರಕಾರ, ಪಾಲಿಸಿಯಲ್ಲಿ ಬೇರೆ ಮಾತಿಲ್ಲದಿದ್ದರೆ ಸವೆತಕ್ಕೆ ಕಂಪನಿ ಹೊಣೆಯಲ್ಲ. ಸವೆಯದ ಸರಪಳಿ ತುಂಡಾಗುವುದಿಲ್ಲ. ಸವೆದದ್ದು ತುಂಡಾದರೆ ದುಡ್ಡಿಲ್ಲ.

ಎಂಜಿನ್ ಕಳುವಾದರೆ ಬೀಗ ಒಡೆದ ಗುರುತು ತೋರಿಸಬೇಕು. ಕಳ್ಳ ಬೀಗದ ಸಮೇತ ಒಯ್ದಿದ್ದರೆ ಅವನನ್ನೇ ಕರೆದು ಕೇಳಿ.

ಬಂದರಿನವರು ಇನ್ನೂ ಚುರುಕು. ವಿಮೆಯ ಪತ್ರ ತೋರಿಸದೆ ಬೋಯ್ ಕೊಡುವುದಿಲ್ಲ. ತಮ್ಮದೇ ಸರಪಳಿ ತುಂಡಾದರೆ ತಾವು ಹೊಣೆಯಲ್ಲ ಎಂದು ಅದೇ ಕರಾರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

‘ಮರೀನಾಕ್ಕೆ ಬನ್ನಿ, ಸುರಕ್ಷಿತ’ ಎಂದು ಬುದ್ಧಿ ಹೇಳುವವರಿಗೆ ವೇಲ್ಸ್‌ನ ಹೋಲಿಹೆಡ್ ನೆನಪಿರಬೇಕು. ಅಲ್ಲಿ ದೊಡ್ಡ ಅಲೆತಡೆಗೋಡೆ ಇತ್ತು. ಅದರ ಹಿಂದೆ ಮರೀನಾ ಇತ್ತು. 2018ರ ಮಾರ್ಚ್ ಮೊದಲಲ್ಲಿ ಎಮ್ಮಾ ಬಿರುಗಾಳಿ ಗೋಡೆ ಇಲ್ಲದ ದಿಕ್ಕಿನಿಂದ, ಈಶಾನ್ಯದಿಂದ, ಒಳನುಗ್ಗಿತು. ಮರೀನಾವೇ ಚೂರುಚೂರು. ಹತ್ತಾರು ದೋಣಿಗಳು ಹಾಳಾದವು. ತೇಲುವ ಹಲಗೆಗಳ ಒಳಗಿದ್ದ ಥರ್ಮೋಕೋಲ್ ದಡದುದ್ದಕ್ಕೂ ಹರಡಿತು. ಸುರಕ್ಷಿತ ಜಾಗದ ಪಟ್ಟಿಯಲ್ಲಿ ಮರೀನಾ ಈಗಲೂ ಮೊದಲು. ಬೋಯ್ ಈಗಲೂ ಕೊನೆಗೆ.

ಒಂದು ವಿಷಯದಲ್ಲಿ ಇಂಗ್ಲಿಷರಿಗೆ ತಡವಾಗಿಯಾದರೂ ನಾಚಿಕೆಯಾಯಿತು. 1906ರ ಕಾಯ್ದೆಯ ಪ್ರಕಾರ, ಪಾಲಿಸಿಯಲ್ಲಿ ವಾರಂಟಿ ಎಂದು ಬರೆದದ್ದನ್ನು ವಿಮೆ ಮಾಡಿಸಿದವನು ಅಕ್ಷರಶಃ ಪಾಲಿಸಬೇಕಿತ್ತು. ನಷ್ಟಕ್ಕೂ ಅದಕ್ಕೂ ಸಂಬಂಧವೇ ಬೇಕಿರಲಿಲ್ಲ. ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದ್ದರೆ, ಬಿರುಗಾಳಿಗೆ ಮುಳುಗಿದ ದೋಣಿಗೂ ಹಣ ಇಲ್ಲ. ನೂರು ವರ್ಷ ಹೀಗೇ ನಡೆಯಿತು. 2015ರ ವಿಮಾ ಕಾಯ್ದೆ, 2016ರ ಆಗಸ್ಟ್‌ನಿಂದ, ಈ ತಮಾಷೆಗೆ ಲಗಾಮು ಹಾಕಿತು. ಪೂರ್ತಿ ಅಲ್ಲ. ವಿಮೆಯ ವ್ಯಾಪ್ತಿಯನ್ನೇ ಮೊಟಕುಮಾಡಿ ಬರೆದರೆ ಹೊಸ ಕಾಯ್ದೆಯೂ ಕೈಚೆಲ್ಲುತ್ತದೆ. ಚಳಿಗಾಲದ ಬೋಯ್‌ಗೆ ಆಗಿರುವುದು ಅದೇ.

ನಗುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ಆ 1906ರ ಕಾಯ್ದೆಯ ಅಚ್ಚೇ ಭಾರತದ 1963ರ ಸಾಗರ ವಿಮಾ ಕಾಯ್ದೆ. ಬ್ರಿಟನ್ ಬಿಸಾಕಿದ ವಾರಂಟಿ ನಿಯಮ ನಮ್ಮಲ್ಲಿ 35ನೇ ಕಲಮಿನಲ್ಲಿ ಗಟ್ಟಿಮುಟ್ಟಾಗಿ ಕುಳಿತಿದೆ. 2025ರಲ್ಲಿ ಸಂಸತ್ತು ಹಡಗಿನ ಕಾಯ್ದೆ, ಬಂದರಿನ ಕಾಯ್ದೆ, ಸರಕು ಸಾಗಣೆಯ ಕಾಯ್ದೆಗಳನ್ನೆಲ್ಲ ಹೊಸದಾಗಿ ಬರೆಯಿತು. ವಸಾಹತುಶಾಹಿಯ ಕುರುಹು ಅಳಿಸಿದೆವು ಎಂದು ಬೆನ್ನು ತಟ್ಟಿಕೊಂಡಿತು. ಈ ವಿಮಾ ಕಾಯ್ದೆಯನ್ನು ಮಾತ್ರ ಮುಟ್ಟಲಿಲ್ಲ.

ಮಲ್ಪೆಯ, ಮಂಗಳೂರಿನ ದೋಣಿ ಮಾಲೀಕರೇ, ಮಳೆಗಾಲಕ್ಕೆ ಮೊದಲು ನಿಮ್ಮ ಪಾಲಿಸಿಯ ಒಳಪುಟವನ್ನು ಯಾರಿಂದಲಾದರೂ ಓದಿಸಿ. ಓದಿಸಿದ ಮೇಲೆ ಅದರ ಒಂದು ಪ್ರತಿಯನ್ನು ನಿಮ್ಮ ಸಂಸದರಿಗೂ ಕಳಿಸಿ.